ಒಂದು ನಿಮಿಷದ ಕಾರ್ಬನ್

ಹೋದ ಸೆಮಿಸ್ಟರ್‌ನ ಇಂಟರ್ನಲ್ಸ್ ಮುಗಿದ ಮಧ್ಯಾಹ್ನ ನಮ್ಮ ಸಂಘದ ನಾಲ್ಕೈದು ಜನ ಜಯನಗರ ನಾಲ್ಕನೇ ಬ್ಲಾಕಿನಲ್ಲಿರುವ ಗೆಳೆಯನ ಮನೆಗೆ ಹೋಗಿದ್ದೆವು. ಅವನ ಸೋದರತ್ತೆ ಚಿಕಿತ್ಸೆಗೆಂದು ಹಾಸನದ ಕಡೆಯಿಂದ ಬಂದು ಅಲ್ಲೇ ಉಳಿದಿದ್ದರು. ಕೀಮೋ ಶುರುವಾಗಿ ಮೂರು ವಾರ ಆಗಿತ್ತು. ಅವತ್ತು ಬೆಳಿಗ್ಗೆಯಷ್ಟೇ ಎಂಆರ್‌ಐ ಮಾಡಿಸಿಕೊಂಡು ಬಂದಿದ್ದರು. ಗಡ್ಡೆಯ ಅಳತೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ, ಔಷಧಿ ಕೆಲಸ ಮಾಡ್ತಿದೆಯೋ ಇಲ್ಲವೋ ಅಂತ ಗೊತ್ತಾಗಲು ಇನ್ನೂ ಕೆಲವು ವಾರ ಕಾಯಬೇಕು ಎಂದು ವೈದ್ಯರು ಹೇಳಿದ್ದರಂತೆ.

ಅತ್ತೆ ಸೋಫಾದ ತುದಿಯಲ್ಲಿ ಕೂತು ನಮ್ಮನ್ನೇ ಕೇಳಿದರು. "ನೀವೆಲ್ಲ ಇಂಜಿನಿಯರಿಂಗ್ ಓದೋರು ಅಲ್ವೇನ್ರಪ್ಪಾ? ಅಷ್ಟು ದೊಡ್ಡ ಮಿಷಿನ್ನು, ಟಕ ಟಕ ಅಂತ ಶಬ್ದ ಮಾಡಿ ತಲೆ ಚಿಟ್ಟು ಹಿಡಿಸ್ತು. ಒಳಗಿರೋ ಗಡ್ಡೆ ಬದುಕಿದೆಯೋ ಸತ್ತಿದೆಯೋ ಅಂತ ಅದಕ್ಕೆ ಗೊತ್ತಾಗಲ್ವಾ?"

ನಮಗೆ ಉತ್ತರ ಗೊತ್ತಿರಲಿಲ್ಲ. ಕಾಲೇಜಿಗೆ ವಾಪಸ್ ಬಂದು ಲೈಬ್ರರಿಯಲ್ಲಿ ಓದತೊಡಗಿದ್ದು ಆ ಪ್ರಶ್ನೆಯಿಂದಲೇ. ಓದಿದಾಗ ಸಿಕ್ಕ ವಿಷಯದ ಹೆಸರು ಹೈಪರ್‌ಪೋಲರೈಸ್ಡ್ ಕಾರ್ಬನ್-13 ಎಂಆರ್‌ಐ. ಹೆಸರು ಉದ್ದ, ವಿಷಯ ಸ್ವಾರಸ್ಯದ್ದು. ಅತ್ತೆಯ ಪ್ರಶ್ನೆಗೆ ಅದು ಕೊಡುವ ಉತ್ತರವನ್ನು ಒಂದೇ ಸಾಲಿನಲ್ಲಿ ಹೇಳೋದಾದರೆ: ಗೊತ್ತಾಗುವ ಹಾಗೆ ಮಾಡಬಹುದು, ಆದರೆ ಮಿಷಿನ್‌ಗೆ ಸಿಗೋದು ಹೆಚ್ಚುಕಡಿಮೆ ಒಂದು ನಿಮಿಷ. ಆ ಒಂದು ನಿಮಿಷಕ್ಕಾಗಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಎಲೆಕ್ಟ್ರಾನಿಕ್ಸ್ ಎಲ್ಲ ಸೇರಿ ನಡೆಸುತ್ತಿರುವ ಪರದಾಟವೇ ಈ ಲೇಖನ.

ಎರಡೂವರೆ ಮತದ ಅಂತರ

ಮಾಮೂಲಿ ಎಂಆರ್‌ಐ ಚಿತ್ರ ಅಂದರೆ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್‌ನ ನಕ್ಷೆ. ಹೈಡ್ರೋಜನ್ ನ್ಯೂಕ್ಲಿಯಸ್ ಒಂದು ಪುಟಾಣಿ ಅಯಸ್ಕಾಂತ. ದೊಡ್ಡ ಕಾಂತಕ್ಷೇತ್ರದೊಳಗೆ ಇಟ್ಟಾಗ ಕೆಲವು ನ್ಯೂಕ್ಲಿಯಸ್‌ಗಳು ಕ್ಷೇತ್ರದ ದಿಕ್ಕಿಗೆ ವಾಲುತ್ತವೆ, ಕೆಲವು ಅದರ ವಿರುದ್ಧ ದಿಕ್ಕಿಗೆ. ಎರಡು ಬಣಗಳ ಸಿಗ್ನಲ್ ಒಂದನ್ನೊಂದು ಅಳಿಸಿಹಾಕುತ್ತದೆ. ಕೊನೆಗೆ ನಮ್ಮ ಕಾಯಿಲ್‌ಗೆ ಕೇಳಿಸೋದು ಗೆದ್ದ ಬಣದ ಹೆಚ್ಚುವರಿ ಮತ ಮಾತ್ರ.

ಚುನಾವಣೆಯ ಲೆಕ್ಕದಲ್ಲೇ ನೋಡೋಣ. 3 ಟೆಸ್ಲಾ ಸ್ಕ್ಯಾನರ್, ದೇಹದ ಉಷ್ಣತೆ, ಹತ್ತು ಲಕ್ಷ ಹೈಡ್ರೋಜನ್ ಮತದಾರರು. ಗೆಲುವಿನ ಅಂತರ ಎಷ್ಟು ಗೊತ್ತಾ? ಸುಮಾರು 10 ಮತ! ದೇಹದ ಬಿಸಿ ನ್ಯೂಕ್ಲಿಯಸ್‌ಗಳನ್ನು ಅಷ್ಟರಮಟ್ಟಿಗೆ ಕಲಕಿಬಿಡುತ್ತದೆ. ಹಾಗಿದ್ದರೂ ಚಿತ್ರ ಬರುತ್ತದಲ್ಲ, ಹೇಗೆ? ಮತದಾರರ ಸಂಖ್ಯೆ ಅಷ್ಟು ದೊಡ್ಡದು. ಒಂದು ಟೀ ಚಮಚ ನೀರಿನಲ್ಲಿರುವ ಹೈಡ್ರೋಜನ್‌ಗಳನ್ನು ಎಣಿಸಿದರೆ 3ರ ಮುಂದೆ 23 ಸೊನ್ನೆ ಹಾಕಬೇಕು.

ಆದರೆ ನೀರು ತೋರಿಸೋದು ಮನೆಯ ಗೋಡೆಗಳನ್ನು. ಒಳಗೆ ಒಲೆ ಉರೀತಿದೆಯೋ ಇಲ್ಲವೋ ಅನ್ನೋದು ಗೋಡೆ ನೋಡಿದರೆ ಗೊತ್ತಾಗಲ್ಲ. ನೀರಿನ ಅಣುಗಳ ಓಡಾಟ ಅಳೆಯುವ, ಬಣ್ಣದ ಔಷಧಿ ಕೊಟ್ಟು ರಕ್ತದ ಹರಿವು ನೋಡುವ ವಿಧಾನಗಳಿಂದ ಸ್ವಲ್ಪ ಸುಳಿವು ಸಿಗುತ್ತದೆ, ನಿಜ. ಒಲೆಯನ್ನೇ ನೇರವಾಗಿ ನೋಡಬೇಕಾದರೆ ಮಾತ್ರ ಸೌದೆಯ ಹಿಂದೆ ಹೋಗಬೇಕು. ಜೀವಕೋಶದ ಸೌದೆ ಅಂದರೆ ಸಕ್ಕರೆ ಮತ್ತು ಅದರಿಂದ ಹುಟ್ಟುವ ಅಣುಗಳು. ಅವುಗಳೆಲ್ಲದರ ಬೆನ್ನೆಲುಬು ಕಾರ್ಬನ್.

ಇಲ್ಲಿಂದಲೇ ಕಷ್ಟ ಶುರು. ಸಾಮಾನ್ಯ ಕಾರ್ಬನ್-12ಕ್ಕೆ ಸ್ಪಿನ್ ಇಲ್ಲ. ಎಂಆರ್‌ಐ ಪಾಲಿಗೆ ಅದು ಮೂಕ. ಸ್ಪಿನ್ ಇರುವ ಕಾರ್ಬನ್-13 ಪ್ರಕೃತಿಯಲ್ಲಿ ಬರೀ ಶೇಕಡಾ 1.1. (ಇದು ವಿಕಿರಣ ಸೂಸುವ ಕಾರ್ಬನ್-14 ಅಲ್ಲ. ಕಾರ್ಬನ್-13 ಪೂರ್ತಿ ಸ್ಥಿರವಾದದ್ದು, ಈ ಕ್ಷಣ ನಿಮ್ಮ ದೇಹದಲ್ಲೂ ಇದೆ.) ಅದರ ಕಾಂತಶಕ್ತಿ ಹೈಡ್ರೋಜನ್‌ನ ಕಾಲು ಭಾಗ. ಹಾಗಾಗಿ ಅದೇ 3 ಟೆಸ್ಲಾದಲ್ಲಿ ಹತ್ತು ಲಕ್ಷ ಕಾರ್ಬನ್-13 ಮತ ಹಾಕಿದರೆ ಗೆಲುವಿನ ಅಂತರ ಎರಡೂವರೆ ಮತ. ಸಾಲದ್ದಕ್ಕೆ ಮತದಾರರೂ ಕಮ್ಮಿ: ನೀರಿನ ಹೈಡ್ರೋಜನ್ ಲೀಟರಿಗೆ ನೂರು ಮೋಲ್‌ಗೂ ಮೇಲಿದ್ದರೆ, ಈ ಅಣುಗಳ ಪ್ರಮಾಣವನ್ನು ಮಿಲಿಮೋಲ್‌ಗಳಲ್ಲಿ ಎಣಿಸಬೇಕು.

ಶೇಕಡಾ 1.1ರ ಸಮಸ್ಯೆಗೆ ಕೆಮಿಸ್ಟ್ರಿಯವರ ಹತ್ತಿರ ಪರಿಹಾರ ಇದೆ. ಅಣುವಿನ ನಮಗೆ ಬೇಕಾದ ಜಾಗದಲ್ಲಿ ಕಾರ್ಬನ್-13 ಅನ್ನೇ ಕೂರಿಸಿ ತಯಾರಿಸುತ್ತಾರೆ. ಎರಡೂವರೆ ಮತದ ಅಂತರಕ್ಕೆ ಮಾತ್ರ ಬೇರೆಯದೇ ಉಪಾಯ ಬೇಕು. ಅದಕ್ಕೆ ಮುಂಚೆ, ಯಾವ ಅಣುವನ್ನು ಆರಿಸಿಕೊಂಡರು ನೋಡೋಣ.

ಪೈರುವೇಟ್ ಎಂಬ ಸರ್ಕಲ್

ಜೀವಕೋಶದೊಳಗೆ ಒಂದು ಗ್ಲೂಕೋಸ್ ಒಡೆದರೆ ಎರಡು ಪೈರುವೇಟ್ ಆಗುತ್ತದೆ. ಪೈರುವೇಟ್ ಅನ್ನೋದು ನಮ್ಮ ಸೌತ್ ಎಂಡ್ ಸರ್ಕಲ್ ಇದ್ದ ಹಾಗೆ, ಅಲ್ಲಿಂದ ಹಲವು ರಸ್ತೆಗಳು ಕವಲೊಡೆಯುತ್ತವೆ. ಒಂದು ರಸ್ತೆ ಮೈಟೋಕಾಂಡ್ರಿಯಾದ ಕಡೆಗೆ: ಅಲ್ಲಿ ಪೈರುವೇಟ್‌ನ ಒಂದನೇ ಕಾರ್ಬನ್ ಕಾರ್ಬನ್ ಡೈಆಕ್ಸೈಡ್ ಆಗಿ ಕಳಚಿಕೊಂಡು ಬೈಕಾರ್ಬೊನೇಟ್ ಆಗುತ್ತದೆ, ಉಳಿದ ಭಾಗ ಆಮ್ಲಜನಕದ ನೆರವಿನಿಂದ ಪೂರ್ತಿ ಉರಿಯಲು ಹೋಗುತ್ತದೆ. ಇನ್ನೊಂದು ರಸ್ತೆಯಲ್ಲಿ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಅದನ್ನು ಲ್ಯಾಕ್ಟೇಟ್ ಮಾಡುತ್ತದೆ. ಮತ್ತೊಂದರಲ್ಲಿ ಅಲನೀನ್ ಎಂಬ ಅಮೈನೋ ಆಮ್ಲ.

ಜೋರಾಗಿ ಓಡಿದಾಗ ನಮ್ಮ ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಏರುವುದು ಎಲ್ಲರಿಗೂ ಗೊತ್ತು. ಆದರೆ ಎಷ್ಟೋ ಕ್ಯಾನ್ಸರ್ ಕೋಶಗಳು ಆಮ್ಲಜನಕ ಸಾಕಷ್ಟು ಇರುವಾಗಲೂ ಲ್ಯಾಕ್ಟೇಟ್ ರಸ್ತೆಯನ್ನೇ ಹಿಡಿಯುತ್ತವೆ. 1920ರ ದಶಕದಲ್ಲಿ ಜರ್ಮನಿಯ ಓಟ್ಟೊ ವಾರ್ಬರ್ಗ್ ಗಮನಿಸಿದ ಈ ವರ್ತನೆಗೆ ಅವರದೇ ಹೆಸರು ಉಳಿದಿದೆ. ಅಂದರೆ ಸರ್ಕಲ್‌ನಲ್ಲಿ ನಿಂತು ಯಾವ ರಸ್ತೆಗೆ ಎಷ್ಟು ಗಾಡಿ ಹೋಗ್ತಿದೆ ಅಂತ ಎಣಿಸಿದರೆ ಆ ಅಂಗಾಂಶದ ಗುಣ ತಿಳಿಯುತ್ತದೆ.

ಪೆಟ್ ಸ್ಕ್ಯಾನ್ ಇದನ್ನೇ ಮಾಡಲ್ವಾ ಅಂತ ನೀವು ಕೇಳಬಹುದು. ಅರ್ಧ ಮಾಡುತ್ತದೆ. ವಿಕಿರಣಶೀಲ ಫ್ಲೋರಿನ್-18 ಅಂಟಿಸಿದ ಸಕ್ಕರೆ ಎಲ್ಲಿ ಹೆಚ್ಚು ಶೇಖರವಾಯಿತು ಅಂತ ಪೆಟ್ ಹೇಳುತ್ತದೆ. ಆದರೆ ಆ ಸಕ್ಕರೆ ಕೋಶದೊಳಗೆ ಮೊದಲ ಹೆಜ್ಜೆಯ ನಂತರ ಮುಂದಕ್ಕೆ ಹೋಗಲ್ಲ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸೌದೆ ಯಾರ ಮನೆಗೆ ಎಷ್ಟು ಹೋಯಿತು ಅಂತ ತಿಳಿಯುತ್ತೆ, ಒಲೆಯಲ್ಲಿ ಅದು ಏನಾಯಿತು ಅಂತ ತಿಳಿಯಲ್ಲ. ಕಾರ್ಬನ್-13ರಲ್ಲಿ ಅದೂ ತಿಳಿಯುತ್ತದೆ. ಕಾರಣ, ಅಣು ಬದಲಾದಾಗ ಅದೇ ಕಾರ್ಬನ್‌ನ ಫ್ರೀಕ್ವೆನ್ಸಿಯೂ ಕೊಂಚ ಬದಲಾಗುತ್ತದೆ. 3 ಟೆಸ್ಲಾದಲ್ಲಿ ಕಾರ್ಬನ್-13 ಹಾಡೋದು ಸುಮಾರು 32 ಮೆಗಾಹರ್ಟ್ಸ್‌ನಲ್ಲಿ. ಅದರಲ್ಲಿ ಪೈರುವೇಟ್ ಮತ್ತು ಲ್ಯಾಕ್ಟೇಟ್ ನಡುವಿನ ಅಂತರ ಹತ್ತು ಲಕ್ಷಕ್ಕೆ 12 ಪಾಲು, ಅಂದರೆ ಸುಮಾರು 385 ಹರ್ಟ್ಸ್. ಇಸಿ ಬ್ರಾಂಚಿನವರಿಗೆ ಇಷ್ಟು ದೂರದ ಎರಡು ಗೆರೆಗಳನ್ನು ಬೇರ್ಪಡಿಸೋದು ದೊಡ್ಡ ವಿಷಯವೇ ಅಲ್ಲ, ಸಿಗ್ನಲ್ ಇದ್ದರೆ.

ಎಲೆಕ್ಟ್ರಾನ್ ಹತ್ತಿರ ಸಾಲ

ಸಿಗ್ನಲ್ ಎಲ್ಲಿಂದ ತರೋದು? ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ತಣ್ಣಗೆ ಮಾಡೋದು. ಬಿಸಿ ತಾನೇ ಕಲಕುತ್ತಿರುವುದು? ಲೆಕ್ಕ ಹಾಕಿ ನೋಡಿದೆವು. 5 ಟೆಸ್ಲಾ ಕ್ಷೇತ್ರದಲ್ಲಿ 0.8 ಕೆಲ್ವಿನ್‌ಗೆ, ಅಂದರೆ ನಿರಪೇಕ್ಷ ಸೊನ್ನೆಗಿಂತ ಒಂದು ಡಿಗ್ರಿಯೂ ಮೇಲಿಲ್ಲದ ಚಳಿಗೆ ಇಳಿಸಿದರೂ ಕಾರ್ಬನ್-13ರ ಧ್ರುವೀಕರಣ ಶೇಕಡಾ 0.16 ದಾಟಲ್ಲ. ಅದೇ ಜಾಗದಲ್ಲಿ ಎಲೆಕ್ಟ್ರಾನ್ ಇದ್ದರೆ? ಶೇಕಡಾ 99.9! ಎಲೆಕ್ಟ್ರಾನ್‌ನ ಕಾಂತಶಕ್ತಿ ಕಾರ್ಬನ್-13ಕ್ಕಿಂತ ಸುಮಾರು 2600 ಪಟ್ಟು ದೊಡ್ಡದು, ಅದಕ್ಕೇ ಈ ಅಜಗಜಾಂತರ.

ಶ್ರೀಮಂತ ನೆಂಟನ ಹತ್ತಿರ ಸಾಲ ತರಬಹುದಲ್ಲ! ಎಲೆಕ್ಟ್ರಾನ್‌ಗಳನ್ನು ಮೈಕ್ರೋವೇವ್‌ನಿಂದ ಕೆಣಕಿದರೆ ಅವುಗಳ ಧ್ರುವೀಕರಣ ಪಕ್ಕದ ನ್ಯೂಕ್ಲಿಯಸ್‌ಗಳಿಗೆ ದಾಟುತ್ತದೆ ಅಂತ 1953ರಲ್ಲಿ ಅಮೆರಿಕದ ಆಲ್ಬರ್ಟ್ ಓವರ್‌ಹೌಸರ್ ಹೇಳಿದರು. ಆಗ ಬಹಳ ಜನ ನಂಬಲಿಲ್ಲ. ಅದೇ ವರ್ಷ ಕಾರ್ವರ್ ಮತ್ತು ಸ್ಲಿಕ್ಟರ್ ಲೀಥಿಯಂ ಲೋಹದಲ್ಲಿ ಮಾಡಿ ತೋರಿಸಿದರು. ಓವರ್‌ಹೌಸರ್ ಹೇಳಿದ್ದು ಲೋಹಗಳ ಬಗ್ಗೆ. ಹೆಪ್ಪುಗಟ್ಟಿದ ವಸ್ತುಗಳಲ್ಲಿ ದಾಟಿಸುವ ಬಗೆ ಸ್ವಲ್ಪ ಬೇರೆ, ಮೂಲ ಉಪಾಯ ಒಂದೇ. ಎಲ್ಲಕ್ಕೂ ಸೇರಿ ಈಗಿರುವ ಹೆಸರು ಡೈನಾಮಿಕ್ ನ್ಯೂಕ್ಲಿಯರ್ ಪೋಲರೈಸೇಷನ್, ಸಣ್ಣದಾಗಿ ಡಿಎನ್‌ಪಿ.

ಐವತ್ತು ವರ್ಷ ಇದು ಹೆಚ್ಚಾಗಿ ಭೌತಶಾಸ್ತ್ರದ ಲ್ಯಾಬುಗಳಲ್ಲೇ ಉಳಿಯಿತು. ಕಾರಣ ಸರಳ. ಒಂದು ಕೆಲ್ವಿನ್ ಚಳಿಯಲ್ಲಿ ಗಾಜಿನಂತೆ ಗಟ್ಟಿಯಾದ ವಸ್ತುವನ್ನು ರೋಗಿಗೆ ಕೊಡೋದು ಹೇಗೆ? 2003ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ಯಾನ್ ಹೆನ್ರಿಕ್ ಆರ್ಡೆನ್‌ಕೇರ್-ಲಾರ್ಸನ್, ಕ್ಲಾಸ್ ಗೋಲ್ಮನ್ ಮತ್ತು ಸಂಗಡಿಗರು ಅದಕ್ಕೊಂದು ದಾರಿ ತೋರಿಸಿದರು. ಮಾದರಿಯನ್ನು ಒಂದು ಕೆಲ್ವಿನ್ ಆಸುಪಾಸಿನಲ್ಲಿ ಇಟ್ಟು ಮೈಕ್ರೋವೇವ್ ಹಾಯಿಸಿ, ಆಮೇಲೆ ಒತ್ತಡದಲ್ಲಿ ಕುದಿಬಿಂದುವಿಗಿಂತ ಹೆಚ್ಚು ಬಿಸಿ ಮಾಡಿದ ದ್ರವವನ್ನು ಅದರ ಮೇಲೆ ಒಮ್ಮೆಲೇ ಸುರಿದರು. ಮಾದರಿ ಕ್ಷಣಗಳಲ್ಲಿ ಕರಗಿ ದ್ರಾವಣವಾಗಿ ಹೊರಗೆ ಬಂತು. ಕರಗುವ ಕೆಲಸ ಎಷ್ಟು ಬೇಗ ಮುಗಿಯಿತೆಂದರೆ ಧ್ರುವೀಕರಣದ ಬಹುಪಾಲು ಹಾಗೇ ಉಳಿದಿತ್ತು. ದ್ರವದಲ್ಲಿ ಸಿಗ್ನಲ್ ಹತ್ತು ಸಾವಿರ ಪಟ್ಟಿಗೂ ಮೇಲೆ ಏರಿತ್ತು.

ನಮ್ಮ ಚುನಾವಣೆಗೆ ಮರಳಿ ಬನ್ನಿ. ಧ್ರುವೀಕರಣ ಶೇಕಡಾ 25 ಅಂತ ಇಟ್ಟುಕೊಂಡರೆ, ಹತ್ತು ಲಕ್ಷ ಮತದಾರರಲ್ಲಿ ಗೆಲುವಿನ ಅಂತರ ಎರಡೂವರೆ ಲಕ್ಷ. ಎರಡೂವರೆಯಿಂದ ಎರಡೂವರೆ ಲಕ್ಷಕ್ಕೆ: ಒಂದು ಲಕ್ಷ ಪಟ್ಟು.

ಗಡಿಯಾರ ಶುರು

ಇಷ್ಟು ಸಿಹಿ ಸುದ್ದಿಯಾದ ಮೇಲೆ ಕಹಿ ಸುದ್ದಿ. ಈ ಬಹುಮತ ನಿಲ್ಲೋದಿಲ್ಲ. ಕರಗಿ ಬೆಚ್ಚಗಾದ ಕ್ಷಣದಿಂದ ನ್ಯೂಕ್ಲಿಯಸ್‌ಗಳು ತಮ್ಮ ಹಳೇ ಎರಡೂವರೆ ಮತದ ಸ್ಥಿತಿಗೆ ವಾಪಸ್ ಜಾರತೊಡಗುತ್ತವೆ. ಪೈರುವೇಟ್‌ನ ಒಂದನೇ ಕಾರ್ಬನ್ ಆರಿಸಿದ್ದಕ್ಕೆ ಇದೂ ಒಂದು ಕಾರಣ. ಆ ಕಾರ್ಬನ್‌ಗೆ ನೇರವಾಗಿ ಯಾವ ಹೈಡ್ರೋಜನ್ನೂ ಅಂಟಿಕೊಂಡಿಲ್ಲ, ಆದ್ದರಿಂದ ಅದನ್ನು ಕಲಕುವ ನೆರೆಹೊರೆ ಕಮ್ಮಿ. ಹಾಗಿದ್ದೂ ದ್ರಾವಣದಲ್ಲಿ ಅದರ ಸಮಯ ಸ್ಥಿರಾಂಕ ಸುಮಾರು 60 ಸೆಕೆಂಡ್, ದೇಹದೊಳಗೆ ಇನ್ನೂ ಕಮ್ಮಿ.

60 ಸೆಕೆಂಡ್ ಅಂತಲೇ ಹಿಡಿದು ಲೆಕ್ಕ ಹಾಕಿ. ಎರಡೂವರೆ ಲಕ್ಷದ ಅಂತರ ಒಂದು ನಿಮಿಷಕ್ಕೆ ಸುಮಾರು 92 ಸಾವಿರ. ಮೂರು ನಿಮಿಷಕ್ಕೆ ಹನ್ನೆರಡೂವರೆ ಸಾವಿರ. ಐದು ನಿಮಿಷಕ್ಕೆ 1700. ಹತ್ತು ನಿಮಿಷ ಆದ ಮೇಲೆ ಡಜನ್ ಮತವೂ ಉಳಿದಿರಲ್ಲ. ಬಿಟಿಎಂ ಲೇಔಟ್‌ನಲ್ಲಿ ತಯಾರಿಸಿ ಹೊಸೂರು ರಸ್ತೆಯ ಕಿದ್ವಾಯಿಗೋ ನಿಮ್ಹಾನ್ಸ್‌ಗೋ ತಲುಪಿಸ್ತೀವಿ ಅಂತ ಹೊರಟರೆ ಸಿಲ್ಕ್ ಬೋರ್ಡ್ ಸಿಗ್ನಲ್ ಹಸಿರಾಗೋದರೊಳಗೆ ನಮ್ಮ ಸಿಗ್ನಲ್ ಆರಿಹೋಗಿರುತ್ತದೆ. ಆದ್ದರಿಂದ ಧ್ರುವೀಕರಣದ ಯಂತ್ರ ಸ್ಕ್ಯಾನರ್‌ನ ಪಕ್ಕದ ಕೋಣೆಯಲ್ಲೇ ಇರಬೇಕು. ದ್ರಾವಣ ಹೊರಬಂದ ಮೇಲೆ ಅದರ ಆಮ್ಲೀಯತೆ ಸರಿಯಿದೆಯಾ, ಉಷ್ಣತೆ ಸರಿಯಿದೆಯಾ, ಎಲೆಕ್ಟ್ರಾನ್ ಕೊಟ್ಟ ರಾಡಿಕಲ್ ಸೋಸಿ ಹೋಗಿದೆಯಾ, ಧ್ರುವೀಕರಣ ಸಾಕಷ್ಟಿದೆಯಾ ಅಂತ ನೋಡಿ, ಸಿರಿಂಜ್ ಹಿಡಿದು ಓಡಬೇಕು. ರೋಗಿ ಅದಾಗಲೇ ಸ್ಕ್ಯಾನರ್‌ನೊಳಗೆ ಮಲಗಿರುತ್ತಾರೆ.

ಸ್ಕ್ಯಾನ್ ಮಾಡೋದರಲ್ಲೂ ಪೇಚಾಟ ಇದೆ. ಮಾಮೂಲಿ ಎಂಆರ್‌ಐ ತಿಂಗಳ ಸಂಬಳದ ಹಾಗೆ: ಒಂದು ರೇಡಿಯೋ ಪಲ್ಸ್‌ನಲ್ಲಿ ಖರ್ಚಾದ ಸಿಗ್ನಲ್ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತೆ. ಇಲ್ಲಿ ಇರೋದು ಹುಂಡಿಯ ದುಡ್ಡು. ಖರ್ಚಾದದ್ದು ವಾಪಸ್ ಬರಲ್ಲ. 90 ಡಿಗ್ರಿಯ ಒಂದು ಪಲ್ಸ್ ಕೊಟ್ಟರೆ ಹುಂಡಿ ಒಂದೇ ಏಟಿಗೆ ಖಾಲಿ. 10 ಡಿಗ್ರಿಯ ಪಲ್ಸ್ ಕೊಟ್ಟರೆ ಸೈನ್ 10ರ ಲೆಕ್ಕದಲ್ಲಿ ಶೇಕಡಾ 17ರಷ್ಟು ಸಿಗ್ನಲ್ ಓದಬಹುದು, ಕೊಸೈನ್ 10ರ ಲೆಕ್ಕದಲ್ಲಿ ಶೇಕಡಾ 98.5 ಹುಂಡಿಯಲ್ಲೇ ಉಳಿಯುತ್ತದೆ. ಪಿಯುಸಿಯ ಸೈನ್-ಕೊಸೈನ್ ಇಷ್ಟು ಉಪಕಾರಕ್ಕೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಇನ್ನೂ ಜಾಣರು ಪೈರುವೇಟ್‌ಗೆ ಸಣ್ಣ ಕೋನ, ಲ್ಯಾಕ್ಟೇಟ್‌ಗೆ ದೊಡ್ಡ ಕೋನ ಕೊಡುವ ಪಲ್ಸ್‌ಗಳನ್ನು ವಿನ್ಯಾಸ ಮಾಡುತ್ತಾರೆ. ಪೈರುವೇಟ್ ಅಸಲು, ಲ್ಯಾಕ್ಟೇಟ್ ಬಡ್ಡಿ. ಅಸಲು ಮುಟ್ಟದೆ ಬಡ್ಡಿ ತಿನ್ನೋ ಲೆಕ್ಕ ಅದು.

ಇದರಲ್ಲಿ ಬೆಂಗಳೂರಿನ ಪಾಲು

ಓದುತ್ತಾ ಹೋದ ಹಾಗೆ ನಮಗೆ ನಮ್ಮೂರಿನ ಹೆಸರು ಎರಡು ಸಲ ಎದುರಾಯಿತು.

ಮೊದಲನೆಯದು 1951. ಎಂಆರ್‌ಐ ಎಂಬ ಮಾತೇ ಹುಟ್ಟಿರಲಿಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ಜಿ. ಸೂರ್ಯನ್ ಹರಿಯುವ ದ್ರವದಲ್ಲಿ ನ್ಯೂಕ್ಲಿಯರ್ ರೆಸೊನೆನ್ಸ್ ಹೇಗಿರುತ್ತದೆ ಅಂತ ನೋಡಿದರು. ನಿಂತ ದ್ರವಕ್ಕೆ ರೇಡಿಯೋ ಅಲೆ ಜೋರಾಗಿ ಕೊಡುತ್ತಲೇ ಇದ್ದರೆ ಎರಡು ಬಣಗಳೂ ಸಮವಾಗಿ ಸಿಗ್ನಲ್ ಕುಗ್ಗುತ್ತದೆ. ದ್ರವ ಹರಿಯತೊಡಗಿದರೆ ದಣಿದ ನ್ಯೂಕ್ಲಿಯಸ್‌ಗಳು ಕಾಯಿಲ್‌ನಿಂದ ಆಚೆ ಹೋಗಿ ತಾಜಾ ನ್ಯೂಕ್ಲಿಯಸ್‌ಗಳು ಒಳಗೆ ಬರುತ್ತವೆ, ಸಿಗ್ನಲ್ ಮತ್ತೆ ಏಳುತ್ತದೆ. ಅವರ ಲೇಖನ ಬಂದದ್ದು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪ್ರೊಸೀಡಿಂಗ್ಸ್‌ನಲ್ಲಿ. ರಕ್ತದ ಹರಿವನ್ನು ಎಂಆರ್‌ಐನಲ್ಲಿ ಅಳೆಯುವ ವಿಧಾನಗಳ ಚರಿತ್ರೆ ಬರೆಯುವವರು ಇವತ್ತಿಗೂ ಈ ಲೇಖನದ ಹೆಸರು ಹೇಳುತ್ತಾರೆ.

ಮಾಲ್ಮೊದವರು ಸೂರ್ಯನ್ ಅವರ ಪ್ರಯೋಗದಿಂದ ಹೊರಟರು ಅಂತ ನಾವು ಹೇಳ್ತಿಲ್ಲ. ಆದರೆ ಧ್ರುವೀಕರಣವನ್ನು ಒಂದು ಜಾಗದಲ್ಲಿ ಸಿದ್ಧಮಾಡಿ, ದ್ರವದ ಜೊತೆ ಹರಿಸಿ, ಇನ್ನೊಂದು ಜಾಗದಲ್ಲಿ ಓದಬಹುದು ಅನ್ನೋ ತಿರುಳು ಎರಡರಲ್ಲೂ ಇದೆ. ಆ ತಿರುಳು ಯಶವಂತಪುರದ ಹತ್ತಿರದ ಆ ಕ್ಯಾಂಪಸ್ಸಿನಲ್ಲಿ ಎಪ್ಪತ್ತು ವರ್ಷಕ್ಕೂ ಹಿಂದೆಯೇ ಕಣ್ಣಿಗೆ ಬಿದ್ದಿತ್ತು ಅನ್ನೋದು ನಮಗೆ ಸಣ್ಣ ಖುಷಿ.

ಎರಡನೆಯದು 1975. ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್ ಜ್ಯೂರಿಕ್‌ನಲ್ಲಿ ಫೂರಿಯೇ ವಿಧಾನದಿಂದ ಎಂಆರ್ ಚಿತ್ರ ತೆಗೆಯುವುದನ್ನು ತೋರಿಸಿದರು. ಗ್ರೇಡಿಯಂಟ್‌ಗಳಿಂದ ಜಾಗವನ್ನು ಫೇಸ್ ಮತ್ತು ಫ್ರೀಕ್ವೆನ್ಸಿಯಾಗಿ ಬರೆದು, ಎರಡು ದಿಕ್ಕಿನಲ್ಲೂ ಫೂರಿಯೇ ಪರಿವರ್ತನೆ ಮಾಡಿದರೆ ಚಿತ್ರ ಸಿಗುತ್ತದೆ. ಇವತ್ತಿನ ಎಂಆರ್‌ಐ ಚಿತ್ರಗಳ ತಳಹದಿಯೇ ಇದು. ಅತ್ತೆ ಕೇಳಿದ ಟಕ ಟಕ ಶಬ್ದ ಆ ಗ್ರೇಡಿಯಂಟ್ ಕಾಯಿಲ್‌ಗಳದ್ದೇ. ಅನಿಲ್ ಕುಮಾರ್ ದಶಕಗಳ ಕಾಲ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. 1980ರಲ್ಲಿ ಅರ್ನ್ಸ್ಟ್ ಮತ್ತು ಕುರ್ಟ್ ವ್ಯೂಟ್ರಿಕ್ ಜೊತೆ ಸೇರಿ, ಪ್ರೋಟೀನುಗಳೊಳಗೆ ಯಾವ ಹೈಡ್ರೋಜನ್ ಯಾವುದಕ್ಕೆ ಹತ್ತಿರ ಇದೆ ಅಂತ ತಿಳಿಯುವ ದ್ವಿ-ಆಯಾಮದ ಪ್ರಯೋಗವನ್ನೂ ಅವರು ಪ್ರಕಟಿಸಿದರು. ಅದರಲ್ಲಿ ಬಳಕೆಯಾದದ್ದು ನ್ಯೂಕ್ಲಿಯರ್ ಓವರ್‌ಹೌಸರ್ ಪರಿಣಾಮ, ಅಂದರೆ ಆಗ ಹೇಳಿದ ಸಾಲ ದಾಟಿಸುವ ಕಥೆಯ ಹತ್ತಿರದ ಸಂಬಂಧಿ. ಮೂರನೇ ಸೆಮ್‌ನಲ್ಲಿ ಫೂರಿಯೇ ನೋಡಿ "ಇದೆಲ್ಲ ಎಲ್ಲಿ ಉಪಯೋಗ ಗುರೂ?" ಅಂತ ಗೊಣಗಿದವರಲ್ಲಿ ನಾವೂ ಇದ್ದೇವೆ. ಆ ಗೊಣಗಾಟ ವಾಪಸ್ ತಗೊಂಡಿದ್ದೇವೆ.

ಇಲಿಯಿಂದ ಮನುಷ್ಯನವರೆಗೆ

ಈಗ ಅತ್ತೆಯ ಪ್ರಶ್ನೆಗೆ ಬರೋಣ. ಔಷಧಿ ಕೆಲಸ ಮಾಡ್ತಿದೆಯಾ ಅಂತ ಬೇಗ ಗೊತ್ತಾಗುತ್ತಾ?

2007ರಲ್ಲಿ ಕೇಂಬ್ರಿಡ್ಜ್‌ನ ಕೆವಿನ್ ಬ್ರಿಂಡಲ್ ಅವರ ತಂಡ ಲಿಂಫೋಮಾ ಗಡ್ಡೆ ಇದ್ದ ಇಲಿಗಳಿಗೆ ಎಟೊಪೊಸೈಡ್ ಎಂಬ ಕೀಮೋ ಔಷಧಿ ಕೊಟ್ಟು ನೋಡಿತು. ಸುಮಾರು ಒಂದು ದಿನದಲ್ಲೇ ಪೈರುವೇಟ್ ಲ್ಯಾಕ್ಟೇಟ್ ಆಗುವ ವೇಗ ತಗ್ಗಿತ್ತು. ಔಷಧಿಯಿಂದ ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದಾಗ, ಲ್ಯಾಕ್ಟೇಟ್ ರಸ್ತೆಗೆ ಬೇಕಾದ ಸಹಾಯಕ ಅಣುಗಳ ದಾಸ್ತಾನೇ ಇಳಿದುಹೋಗುತ್ತದೆ. ಗೋಡೆ ಬೀಳಲು ವಾರಗಳು ಬೇಕು. ಒಲೆ ಮಾತ್ರ ಮೊದಲೇ ಮಂಕಾಗುತ್ತದೆ. ಈ ತಂತ್ರದ ಪೂರ್ತಿ ಆಸೆ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ನಾಟದ ಔಷಧಿಯನ್ನು ವಾರಗಟ್ಟಲೆ ತೆಗೆದುಕೊಳ್ಳುವುದು ಅಂದರೆ ಕೂದಲು ಉದುರುವುದು, ವಾಂತಿ, ಖರ್ಚು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಬೇರೆ ಔಷಧಿಗೆ ಬಳಸಬಹುದಾಗಿದ್ದ ದಿನಗಳು.

ಮನುಷ್ಯರ ಮೇಲಿನ ಮೊದಲ ಅಧ್ಯಯನ ಪ್ರಕಟವಾದದ್ದು 2013ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 31 ಮಂದಿಗೆ ಹೈಪರ್‌ಪೋಲರೈಸ್ಡ್ ಪೈರುವೇಟ್ ಚುಚ್ಚಿ ನೋಡಿದರು. ಸುರಕ್ಷಿತ ಎಂದು ಕಂಡುಬಂತು, ಗಡ್ಡೆ ಇರುವ ಕಡೆ ಲ್ಯಾಕ್ಟೇಟ್ ಎದ್ದು ಕಂಡಿತು. 2016ರಲ್ಲಿ ಟೊರಾಂಟೊದ ತಂಡ ಆರೋಗ್ಯವಂತರ ಹೃದಯದ ಚಿತ್ರ ತೆಗೆಯಿತು. ಹೃದಯದ ಸ್ನಾಯುವಿನಲ್ಲಿ ಬೈಕಾರ್ಬೊನೇಟ್ ಕಾಣಿಸಿತು, ಅಂದರೆ ಅಲ್ಲಿನ ಒಲೆ ಆಮ್ಲಜನಕದಲ್ಲಿ ಚೆನ್ನಾಗಿ ಉರಿಯುತ್ತಿದೆ ಅಂತ ಅರ್ಥ. ಆಮೇಲೆ ಮಿದುಳು, ಸ್ತನ, ಮೂತ್ರಪಿಂಡದ ಅಧ್ಯಯನಗಳೂ ಬಂದವು.

ಇಷ್ಟು ಹೇಳಿದ ಮೇಲೆ ಇತಿಮಿತಿಗಳನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಜಾಹೀರಾತು ಆಗಿಬಿಡುತ್ತೆ. ಈ ಪೈರುವೇಟ್ ಸ್ಕ್ಯಾನ್ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಹೋಗಿ ಬರೆಸಿಕೊಂಡು ಮಾಡಿಸುವ ಪರೀಕ್ಷೆ ಅಲ್ಲ. ಚುಚ್ಚುವ ಪೈರುವೇಟ್‌ನ ಪ್ರಮಾಣ ರಕ್ತದಲ್ಲಿ ಸಹಜವಾಗಿ ಇರುವುದಕ್ಕಿಂತ ಬಹಳ ಹೆಚ್ಚು, ಹಾಗಾಗಿ ನೋಡಲು ಹೋಗಿ ಸ್ವಲ್ಪ ಕಲಕಿದಂತೆಯೂ ಆಗುತ್ತದೆ. ಕಾಣುವ ಲ್ಯಾಕ್ಟೇಟ್ ಎಲ್ಲವೂ ಹೊಸದಾಗಿ ಹುಟ್ಟಿದ್ದಲ್ಲ. ಕೋಶದಲ್ಲಿ ಮೊದಲೇ ಇದ್ದ ಲ್ಯಾಕ್ಟೇಟ್ ಜೊತೆ ಗುರುತಿನ ಕಾರ್ಬನ್ ಅದಲುಬದಲಾಗಿಯೂ ಬಂದಿರಬಹುದು. ಉರಿಯೂತ ಇರುವ ಕಡೆಯೂ ಲ್ಯಾಕ್ಟೇಟ್ ಏರುತ್ತದೆ. ಎಲ್ಲ ಕ್ಯಾನ್ಸರ್‌ಗಳೂ ವಾರ್ಬರ್ಗ್ ಹೇಳಿದ ಹಾಗೆ ನಡೆದುಕೊಳ್ಳುವುದಿಲ್ಲ. ಜೊತೆಗೆ ದ್ರವ ಹೀಲಿಯಂನ ಚಳಿ, ಸೋಂಕಿಲ್ಲದ ತಯಾರಿ, ಕಾರ್ಬನ್-13ಕ್ಕೇ ಟ್ಯೂನ್ ಮಾಡಿದ ಬೇರೆ ಕಾಯಿಲ್, ತರಬೇತಾದ ತಂಡ ಬೇಕು. ಎಲ್ಲವೂ ದುಬಾರಿ.

ನಿಮಿಷವನ್ನು ಹಿಗ್ಗಿಸುವ ದಾರಿಗಳು

ಈ ಕಷ್ಟಗಳನ್ನು ಬಿಡಿಸಲು ಕೆಲಸ ನಡೆಯುತ್ತಿರುವುದು ಹಲವು ದಿಕ್ಕಿನಲ್ಲಿ.

ಒಂದು, ಚಳಿಯನ್ನೇ ಬಿಟ್ಟುಬಿಡೋದು. ಹೈಡ್ರೋಜನ್ ಅನಿಲದಲ್ಲಿ ಎರಡು ನ್ಯೂಕ್ಲಿಯಸ್‌ಗಳ ಸ್ಪಿನ್ ಒಂದಕ್ಕೊಂದು ಎದುರಾಗಿ ಜೋಡಿಯಾದ ಬಗೆಗೆ ಪ್ಯಾರಾಹೈಡ್ರೋಜನ್ ಅಂತ ಹೆಸರು. ಈ ಜೋಡಿಯ ಶಿಸ್ತನ್ನು ಬೇರೆ ಅಣುವಿಗೆ ದಾಟಿಸಬಹುದು ಅಂತ ಬೋವರ್ಸ್ ಮತ್ತು ವೈಟ್‌ಕ್ಯಾಂಪ್ 1986ರಲ್ಲಿ ಲೆಕ್ಕ ಹಾಕಿ ತೋರಿಸಿದರು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಅಣುವಿನ ರಚನೆಯನ್ನು ಬದಲಿಸದೆಯೇ, ಇರಿಡಿಯಂ ವೇಗವರ್ಧಕದ ಮೇಲೆ ಎರಡನ್ನೂ ಸ್ವಲ್ಪ ಹೊತ್ತು ಒಟ್ಟಿಗೆ ಕೂರಿಸಿ ಧ್ರುವೀಕರಣ ದಾಟಿಸುವ ದಾರಿ ಕಂಡುಹಿಡಿದರು. ಇಲ್ಲಿ ಗಂಟೆಗಟ್ಟಲೆ ಕಾಯಬೇಕಿಲ್ಲ, ಸೆಕೆಂಡು-ನಿಮಿಷಗಳ ಕೆಲಸ. ಆಮೇಲೆ ಆ ಲೋಹವನ್ನು ದ್ರಾವಣದಿಂದ ಪೂರ್ತಿ ತೆಗೆಯೋದು ಹೇಗೆ ಅನ್ನೋದು ಕೆಮಿಕಲ್ ಇಂಜಿನಿಯರಿಂಗ್‌ನವರ ತಲೆನೋವು.

ಎರಡು, ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಸಾಗಿಸೋದು. ಚಳಿಯಲ್ಲಿ, ಕಾಂತಕ್ಷೇತ್ರದೊಳಗೆ ಇರುವಷ್ಟು ಹೊತ್ತು ಧ್ರುವೀಕರಣ ಗಂಟೆಗಟ್ಟಲೆ ಉಳಿಯಬಲ್ಲದು. ಅದನ್ನು ಬೇಗ ಕೆಡಿಸುವುದು ಸಾಲ ಕೊಟ್ಟ ಅದೇ ಎಲೆಕ್ಟ್ರಾನ್‌ಗಳು. ಪೈರುವಿಕ್ ಆಮ್ಲದ ಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟರೆ ಅದರಲ್ಲೇ ರಾಡಿಕಲ್ ಹುಟ್ಟುತ್ತದೆ, ಕೆಲಸ ಮುಗಿದ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿದರೆ ತಾನಾಗಿಯೇ ಮಾಯವಾಗುತ್ತದೆ. 2017ರಲ್ಲಿ ಈ ದಾರಿಯಲ್ಲಿ, ಸಾಗಿಸಬಹುದಾದ ಹೈಪರ್‌ಪೋಲರೈಸ್ಡ್ ಮಾದರಿಗಳ ಬಗ್ಗೆ ಲೇಖನಗಳು ಬಂದವು. ಇದು ಕೈಗೂಡಿದರೆ ಒಂದು ಕಡೆ ತಯಾರಿಸಿ ಊರಿನ ಹಲವು ಆಸ್ಪತ್ರೆಗಳಿಗೆ ಹಂಚಬಹುದು. ಅದಕ್ಕೆ ಬೇಕಾದದ್ದು ಚಳಿ ಮತ್ತು ಕಾಂತಕ್ಷೇತ್ರ ಎರಡನ್ನೂ ಹೊತ್ತೊಯ್ಯುವ ಡಬ್ಬಿ. ಮೆಕ್ಯಾನಿಕಲ್‌ನವರೇ, ಇದು ನಿಮ್ಮ ಹೋಂವರ್ಕ್.

ಮೂರು, ಇದ್ದ ನಿಮಿಷದಲ್ಲೇ ಹೆಚ್ಚು ಓದೋದು. ಪೂರ್ತಿ ಡೇಟಾ ತೆಗೆಯದೆ, ಆಯ್ದ ಬಿಂದುಗಳಿಂದ ಚಿತ್ರವನ್ನು ಮರುಕಟ್ಟುವ ಅಲ್ಗಾರಿದಮ್‌ಗಳು ಇಲ್ಲಿ ಬಹಳ ಬೇಕು. ಇದಕ್ಕೆ ಹೀಲಿಯಂ ಬೇಡ, ಲ್ಯಾಪ್‌ಟಾಪ್ ಸಾಕು. ಹಾಸ್ಟೆಲ್ ರೂಮಿನಲ್ಲಿ ಕೂತು ಮಾಡಬಹುದಾದ ಭಾಗ ಇದು.

ಇದೆಲ್ಲ ಬರೀ ಲ್ಯಾಬಿನ ಕನಸು ಅಂತಲೂ ಅಂದುಕೊಳ್ಳಬೇಡಿ. ಲೇಸರ್‌ನಿಂದ ಹೈಪರ್‌ಪೋಲರೈಸ್ ಮಾಡಿದ ಕ್ಸೆನಾನ್-129 ಅನಿಲವನ್ನು ಉಸಿರಾಡಿಸಿ ಶ್ವಾಸಕೋಶದಲ್ಲಿ ಗಾಳಿ ಎಲ್ಲೆಲ್ಲಿ ಸೇರುತ್ತಿದೆ ಎಂದು ನೋಡುವ ವಿಧಾನಕ್ಕೆ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಕುಟುಂಬದ ಒಬ್ಬ ಸದಸ್ಯ ಲ್ಯಾಬಿನ ಹೊಸಿಲು ದಾಟಿಯಾಗಿದೆ.

ಅತ್ತೆಗೆ ಹೇಳಿದ್ದು

ತಿಂಗಳಾದ ಮೇಲೆ ಮತ್ತೆ ಜಯನಗರಕ್ಕೆ ಹೋದೆವು. ಅತ್ತೆ ಮುಂದಿನ ಸ್ಕ್ಯಾನ್‌ಗೆ ಕಾಯುತ್ತಿದ್ದರು. ಓದಿದ್ದನ್ನೆಲ್ಲ ಗೋಡೆ, ಒಲೆ, ಸೌದೆಯ ಮಾತಿನಲ್ಲೇ ಹೇಳಿದೆವು. ಈಗಿನ ಮಿಷಿನ್ ಗೋಡೆ ಅಳೆಯುತ್ತೆ ಅತ್ತೆ, ಒಲೆ ನೋಡೋದನ್ನ ಇನ್ನೂ ಕಲೀತಾ ಇದ್ದಾರೆ, ನಿಮ್ಮ ಚಿಕಿತ್ಸೆಯ ವಿಷಯದಲ್ಲಿ ಡಾಕ್ಟರು ಹೇಳಿದ ಹಾಗೇ ಕಾಯಬೇಕು ಅಂತ ಮುಚ್ಚುಮರೆಯಿಲ್ಲದೆ ಹೇಳಿದೆವು. ಅವರು ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಒಂದೇ ನಿಮಿಷ ಇರುತ್ತೆ ಅಂತೀರಿ. ಮಿಷಿನ್ನು ಪಕ್ಕದ ಕೋಣೇಲೇ ಇರಬೇಕು ಅಂತೀರಿ. ಹಾಗಾದ್ರೆ ಹಾಸನದಲ್ಲಿ ಇರೋರಿಗೆ ಏನು ಮಾಡ್ತೀರಪ್ಪಾ?"

ಸಾಗಿಸುವ ಡಬ್ಬಿ, ಅಗ್ಗದ ಯಂತ್ರ, ಚುರುಕಾದ ಅಲ್ಗಾರಿದಮ್ ಅಂತ ಇಷ್ಟುದ್ದ ಬರೆದೆವಲ್ಲ, ಅದೆಲ್ಲದರ ಹಿಂದಿನ ಪ್ರಶ್ನೆಯನ್ನು ಅವರು ಒಂದೇ ಮಾತಿನಲ್ಲಿ ಕೇಳಿಬಿಟ್ಟಿದ್ದರು. ಈ ಸಲವೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಬಳಗದಲ್ಲಿ ಇಬ್ಬರು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಕಮ್ಮಿ ಡೇಟಾದಿಂದ ಎಂಆರ್ ಚಿತ್ರ ಕಟ್ಟುವ ವಿಷಯ ಆರಿಸಿಕೊಂಡಿದ್ದಾರೆ. ಮೂರನೆಯವರು ಬೇಕಾಗಿದ್ದಾರೆ. ಆಸಕ್ತಿ ಇದ್ದವರು ಶನಿವಾರ ಸಂಘದ ಕೋಣೆಗೆ ಬನ್ನಿ.